ಹಕ್ಕಲಿನ ಹಳದಿ ಹೂ, ಘಟ್ಟದ ಹಳದಿ ಹೂ

ಹೋದ ತಿಂಗಳು ಪ್ರಾಕ್ಟಿಕಲ್ ಪರೀಕ್ಷೆಯ ಕೆಲಸಕ್ಕೆಂದು ಬ್ರಹ್ಮಾವರಕ್ಕೆ ಹೊರಟಿದ್ದೆ. ಕೋಟೇಶ್ವರ ದಾಟಿದ ಮೇಲೆ ನಮ್ಮ ಬಸ್ಸಿನ ಮುಂದೆ ಒಂದು ಟೆಂಪೊ ಸಿಕ್ಕಿತು. ಅದರ ತುಂಬ ಕರಡ ಹೇರಿದ್ದರು. ಗುಡ್ಡದ ಮೇಲೆ ತಾನಾಗಿ ಬೆಳೆದು ಒಣಗಿದ ಹುಲ್ಲಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಟೆಂಪೊ ದಾರಿ ಬಿಡಲಿಲ್ಲ, ಬಸ್ಸು ಅದರ ಹಿಂದೆಯೇ ಹೋಗಬೇಕಾಯಿತು. ಕಿಟಕಿಯೊಳಗೆ ದೂಳು ಬಂತು, ಅದರ ಜೊತೆಗೆ ಬಿಸಿಲು ಕುಡಿದ ಹುಲ್ಲಿನ ವಾಸನೆಯೂ ಬಂತು. ಪಕ್ಕದಲ್ಲಿ ಕುಳಿತವರು ಕಿಟಕಿ ಹಾಕಿ ಅಂದರು. ಹಾಕಿದೆ. ಆದರೆ ಬ್ರಹ್ಮಾವರದಲ್ಲಿ ಇಳಿಯುವವರೆಗೂ ನಾನು ಏಳೆಂಟು ವರ್ಷದ ಹಿಂದಿನ ಒಂದು ಮಳೆಗಾಲದ ಕೊನೆಯಲ್ಲಿ, ಬೈಂದೂರಿನ ಮೇಲಿನ ಹಕ್ಕಲಿನಲ್ಲಿ ಇದ್ದೆ.

ಆ ವರ್ಷ ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಮನೆ ಬೀಜಾಡಿಯಲ್ಲಿ. ಅಮ್ಮ ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು, ಅವಳು ಬುಟ್ಟಿಯ ಜೊತೆ ಹಿಂದಿನ ಬಾಗಿಲ ಹತ್ತಿರ, ನಾನು ಮುಂದೆ. ಪಾಠದ ನಡುವೆ ಒಂದು ಸಣ್ಣ ಅಧ್ಯಯನವನ್ನೂ ಹಚ್ಚಿಕೊಂಡಿದ್ದೆ. ಸೂರ್ಯಕಾಂತಿಯ ಬಳಗದಲ್ಲಿ ಸೆನೆಸಿಯೊ ಎಂಬ ಒಂದು ಕುಲವಿದೆ. ಮಳೆ ಇಳಿಮುಖವಾಗುವ ಹೊತ್ತಿಗೆ ಬೋಳು ಗುಡ್ಡಗಳಲ್ಲಿ ಹಳದಿ ಹೂ ಬಿಡುವ, ಮೊಣಕಾಲೆತ್ತರದ ಕಾಡುಗಿಡಗಳು. ಕಾಯಿ ಬಲಿತಾಗ ಬಿಳಿ ಕೂದಲಿನ ಕುಚ್ಚು ಹೊರಬರುತ್ತದೆ. ಅದಕ್ಕೇ ಮುದುಕ ಎಂಬ ಅರ್ಥದ ಆ ಹೆಸರು. ಅದರ ಒಂದೊಂದು ಜಾತಿಯನ್ನು ಇನ್ನೊಂದರಿಂದ ಬಿಡಿಸಿ ಹೇಳುವುದು ಸುಲಭವಲ್ಲ. ಕುಂದಾಪುರ, ಬೈಂದೂರಿನ ಹಕ್ಕಲುಗಳಲ್ಲಿ ಮತ್ತು ಅದಕ್ಕೆ ಹೊಂದಿದ ಘಟ್ಟದ ಮೇಲೆ ಯಾವ ಯಾವ ಜಾತಿ ಇದೆ ಎಂದು ಗುರುತಿಸಿ ಪಟ್ಟಿ ಮಾಡುವುದು ನನ್ನ ಕೆಲಸ.

ಹಕ್ಕಲೆಂದರೆ ಮರವಿಲ್ಲದ ಬಯಲು ಗುಡ್ಡ. ಬೇಸಿಗೆಯಲ್ಲಿ ಕಾದ ಕಾವಲಿ, ಸೆಪ್ಟೆಂಬರಿನಲ್ಲಿ ಬೇರೆಯೇ ಲೋಕ. ಕಪ್ಪುಗಟ್ಟಿದ ಮುರಕಲ್ಲಿನ ಬಂಡೆಯ ಗುಂಡಿಗಳಲ್ಲಿ ನೀರು, ನೀರಿನ ಅಂಚಿಗೆ ನೀಲಿ ಹೂ, ಅದರಾಚೆ ಹುಲ್ಲು, ಹುಲ್ಲಿನ ನಡುವೆ ಅಲ್ಲಲ್ಲಿ ನನ್ನ ಹಳದಿ ಹೂ. ಮೊದಲ ದಿನ ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಲೆನ್ಸ್ ಹಿಡಿದು ನೋಡುತ್ತಿದ್ದಾಗ ಹಿಂದಿನಿಂದ ಒಂದು ಧ್ವನಿ ಬಂತು.

“ಹ್ವಾಯ್, ಎಂತ ಕಳ್ಕಂಡ್ರಿ?”

ಹಾಗೆ ಪರಿಚಯವಾದವರು ಮುತ್ತಕ್ಕ. ಐವತ್ತರ ಆಚೆಯ ಹೆಂಗಸು. ತಲೆಯ ಮೇಲೆ ಹಸಿ ಹುಲ್ಲಿನ ಹೊರೆ, ಸೊಂಟದಲ್ಲಿ ಕತ್ತಿ. ಅವರೂ ಅವರ ಕೇರಿಯ ನಾಲ್ಕು ಹೆಂಗಸರೂ ಸೇರಿ ಪ್ರತಿವರ್ಷ ಆ ಹಕ್ಕಲಿನ ಕರಡ ಕೊಯ್ದು, ಒಣಗಿಸಿ, ಕಟ್ಟು ಕಟ್ಟಿ ತಲ್ಲೂರು, ಗುಲ್ವಾಡಿ ಕಡೆಯ ದನ ಸಾಕುವವರಿಗೆ ಮಾರುತ್ತಿದ್ದರು. ಮಳೆಗಾಲದ ನಂತರ ಅವರ ಮನೆಗಳು ನಡೆಯುತ್ತಿದ್ದದ್ದೇ ಅದರಿಂದ. ಏನೂ ಕಳೆದುಕೊಂಡಿಲ್ಲ, ಈ ಗಿಡ ನೋಡುತ್ತಿದ್ದೇನೆ ಎಂದೆ. ಅವರು ಹೊರೆ ಇಳಿಸದೆಯೇ ಬಗ್ಗಿ ನೋಡಿದರು.

“ಇದನ್ನಾ? ದನ ಇದಕ್ಕೆ ಬಾಯಿ ಹಾಕುದಿಲ್ಲೆ ಟೀಚ್ರೆ, ಕಹಿ. ನಾವ್ ಕರಡ ಕೊಯ್ವತ್ತಿಗೆ ಇದನ್ ಹೆಕ್ಕಿ ಬಿಸಾಡಿಯೇ ಕಟ್ಟುದ್. ಒಣಗ್ದ್ ಮೇಲೆ ದನಕ್ಕೂ ಗೊತ್ತಾತಿಲ್ಲೆ ಕಾಣಿ.”

ನಾನು ಪುಸ್ತಕದಲ್ಲಿ ಓದಿ ತಿಳಿದದ್ದನ್ನು ಅವರು ಹೊರೆ ಹೊತ್ತುಕೊಂಡೇ ಹೇಳಿದ್ದರು. ಈ ಗಿಡಗಳಲ್ಲಿ ಲಿವರಿಗೆ ಆಗದ ವಿಷವಿದೆ. ಹಸಿಯಿದ್ದಾಗ ದನ ಮೂಸಿ ಬಿಡುತ್ತದೆ, ಒಣಹುಲ್ಲಿನಲ್ಲಿ ಸೇರಿದರೆ ತಿಂದುಬಿಡುತ್ತದೆ. ಅವರು ಹೇಳಿದ್ದನ್ನು ಆವತ್ತೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆಮೇಲೆ ಶನಿವಾರ ಬಂತೆಂದರೆ ಹಕ್ಕಲಿಗೆ. ಯಾವ ಬಂಡೆಯ ಬುಡದಲ್ಲಿ ಗಿಡ ಜಾಸ್ತಿ, ಎಲ್ಲಿ ಪಾಚಿಗೆ ಕಾಲು ಜಾರುತ್ತದೆ, ಎಲ್ಲಿ ಹಾವಿನ ಓಡಾಟ, ಎಲ್ಲ ಮುತ್ತಕ್ಕನೇ ತೋರಿಸಿದರು. ನಾನು ಅವರಿಗೆ ಲೆನ್ಸಿನಲ್ಲಿ ಹೂ ತೋರಿಸಿದೆ. ನಾವು ಒಂದು ಹೂ ಎಂದುಕೊಳ್ಳುವುದು ಒಂದು ಹೂವಲ್ಲ, ಹಸಿರು ಬಟ್ಟಲಿನೊಳಗೆ ಒತ್ತೊತ್ತಾಗಿ ಕುಳಿತ ಹತ್ತಾರು ಪುಟ್ಟ ಹೂಗಳು ಎಂದಾಗ ಅವರು ಲೆನ್ಸನ್ನು ಬಹಳ ಹೊತ್ತು ಕಣ್ಣಿನಿಂದ ತೆಗೆಯಲಿಲ್ಲ. ಅಂಚಿನಲ್ಲಿ ನಾಲಿಗೆ ಚಾಚಿದ ಹೂಗಳು, ನಡುವೆ ಕೊಳವೆಯಂಥವು. ಹಕ್ಕಲಿನ ಗಿಡದಲ್ಲಿ ಅಂಚಿನ ಹೂವಿನ ಕಾಯಿಗೆ ಕುಚ್ಚಿರಲಿಲ್ಲ, ಮೈ ನುಣ್ಣಗೆ. ನಡುವಿನ ಕಾಯಿಗಳಿಗೆ ಮಾತ್ರ ಬಿಳಿ ಕುಚ್ಚು. ಎಲೆಯ ತೊಟ್ಟು ಬುಡದಲ್ಲಿ ಸಪೂರವಾಗಿ ಕಾಂಡಕ್ಕೆ ಅಂಟಿಕೊಂಡಿತ್ತು, ಅಷ್ಟೇ.

ಅಕ್ಟೋಬರಿನ ರಜೆಯಲ್ಲಿ ಘಟ್ಟ ಹತ್ತಿ ಆಚೆಯ ಹುಲ್ಲುಗುಡ್ಡಗಳಿಗೆ ಹೋದೆ. ಅಲ್ಲಿ ಸಿಕ್ಕಿದ್ದು ಇನ್ನೊಂದು ಜಾತಿ. ದೂರದಿಂದ ಅದೇ ಎತ್ತರ, ಅದೇ ಹಳದಿ. ಹತ್ತಿರ ಹೋದರೆ ಎಲೆಯ ತೊಟ್ಟಿನ ಬುಡದಲ್ಲಿ ಎರಡು ಕಿವಿಗಳಂಥ ಹಾಳೆಗಳಿದ್ದು, ಕಾಂಡವನ್ನು ಎರಡೂ ಕಡೆಯಿಂದ ತಬ್ಬಿಕೊಂಡಿದ್ದವು. ಹಸಿರು ಬಟ್ಟಲಿನ ಕೆಳಗೆ ಕಪ್ಪು ತುದಿಯ ಪುಟ್ಟ ಎಸಳುಗಳ ಸಾಲು. ಅಂಚಿನ ಕಾಯಿಗಳಿಗೂ ಕುಚ್ಚು, ಮೈಮೇಲೆ ಸಣ್ಣ ರೋಮ. ಹಕ್ಕಲಿನಲ್ಲಿ ಈ ಗಿಡ ಒಂದೂ ಕಂಡಿರಲಿಲ್ಲ, ಇಲ್ಲಿ ಆ ಗಿಡ ಒಂದೂ ಇರಲಿಲ್ಲ. ಎರಡನ್ನೂ ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಕಾಲೇಜಿನ ಕಪಾಟಿನಲ್ಲಿಟ್ಟೆ. ಇನ್ನು ಈ ಎರಡರ ವಿಷಯದಲ್ಲಿ ನನಗೆ ತಪ್ಪಾಗಲಾರದು ಎಂದುಕೊಂಡೆ.

ನವೆಂಬರಿನಲ್ಲಿ ಎಂಟು ಹತ್ತು ದಿನ ಬಿಡದೆ ಮಳೆ ಬಂತು. ಕೊಯ್ದರೆ ಕರಡ ಕೊಳೆಯುತ್ತದೆಂದು ಮುತ್ತಕ್ಕನವರು ಕೈಕಟ್ಟಿ ಕುಳಿತರು. ಕೊಯ್ಲು ಶುರುವಾದದ್ದು ಡಿಸೆಂಬರಿನಲ್ಲಿ. ಒಂದು ಶನಿವಾರ ಹೋಗಿ ನೋಡಿದೆ. ಐದು ಹೆಂಗಸರು ಸಾಲಾಗಿ ಬಗ್ಗಿ ಕೊಯ್ಯುತ್ತ, ಹಿಡಿಹಿಡಿಯನ್ನೂ ಕೊಡವಿ, ಒಣಗಿ ನಿಂತ ಆ ಗಿಡವನ್ನು ಎಳೆದು ಬಂಡೆಯ ಮೇಲೆ ಎಸೆಯುತ್ತಿದ್ದರು. ಬಂಡೆಯ ಮೇಲೆ ಅದರದ್ದೇ ಒಂದು ರಾಶಿ ಬಿದ್ದಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಮುಂದೆ ಆದದ್ದನ್ನು ಹೇಳುವಾಗ ಇದನ್ನೂ ಹೇಳಲೇಬೇಕು.

ಜನವರಿಯಲ್ಲಿ ಗುಲ್ವಾಡಿಯ ಮಹಾಬಲ ಶೆಟ್ಟರ ಕೊಟ್ಟಿಗೆಯಲ್ಲಿ ದನಗಳಿಗೆ ಕಾಯಿಲೆ ಬಂತು. ಶೆಟ್ಟರು ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ, ಅದನ್ನು ತಮ್ಮನಿಗೆ ಬಿಟ್ಟು ಬಂದು, ಹೊಳೆಯ ದಂಡೆಯಲ್ಲಿ ಒಂಬತ್ತು ದನ ಕಟ್ಟಿದ್ದರು. ಒಂದೊಂದಕ್ಕೂ ಹೆಸರು, ಒಂದೊಂದರ ಮೈಯನ್ನೂ ತಾವೇ ತಿಕ್ಕುವುದು. ದನಗಳು ಮೇವು ಬಿಟ್ಟವು, ಬಡಕಲಾದವು, ಕಣ್ಣು ಹಳದಿಯಾಯಿತು. ಎರಡು ಸತ್ತವು. ದನದ ಡಾಕ್ಟ್ರು ಲಿವರ್ ಕೆಟ್ಟಿದೆ, ಮೇವಿನಲ್ಲಿ ಏನೋ ವಿಷದ ಗಿಡ ಸೇರಿರಬೇಕು ಎಂದರು. ಕೊಟ್ಟಿಗೆಯ ಹುಲ್ಲನ್ನು ಕೆದಕಿದಾಗ ಒಣಗಿದ ಹೂವಿನ ತುಂಡುಗಳು ಸಿಕ್ಕವು. ಅವನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಡಾಕ್ಟ್ರು ನಮ್ಮ ಕಾಲೇಜಿಗೆ ಬಂದರು.

ಆವತ್ತು ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದರು. ಇಷ್ಟು ದಿನ ಹುಲ್ಲು ಹೂ ಹುಡುಕುವವಳೆಂದು ನಗೆಯಾಡುತ್ತಿದ್ದವರ ಎದುರಿನಲ್ಲೇ ಒಬ್ಬ ಡಾಕ್ಟ್ರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಚೀಲ ಬಿಚ್ಚಿದೆ. ಕಂದುಗಟ್ಟಿದ ಹೂ, ಮುರುಟಿದ ಎಲೆಯ ಚೂರು, ಕಡ್ಡಿ. ಎಲೆಯ ಅಂಚು ಆಳವಾಗಿ ಸೀಳಿದ ಹಾಗೆ ಕಂಡಿತು. ಹಕ್ಕಲಿನ ಗಿಡದ ಎಲೆ ಹಾಗೇ ಸೀಳಿರುತ್ತದೆ. ಎಲೆಯ ಸೀಳು ಮಣ್ಣಿಗೆ, ಬಿಸಿಲಿಗೆ ತಕ್ಕಂತೆ ಬದಲಾಗುತ್ತದೆ, ಅದನ್ನು ನಂಬಬಾರದು ಎಂದು ತರಗತಿಯಲ್ಲಿ ಹೇಳುವವಳೂ ನಾನೇ. ಕಪಾಟು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಏಳಲಿಲ್ಲ. ಇದು ಸೆನೆಸಿಯೊ, ಬೈಂದೂರಿನ ಮೇಲಿನ ಹಕ್ಕಲಿನಲ್ಲಿ ಬೆಳೆಯುವ ಜಾತಿ ಎಂದು ಹೇಳಿದೆ. ಡಾಕ್ಟ್ರು ಕೇಳಿದ್ದಕ್ಕೆ ಒಂದು ಹಾಳೆಯಲ್ಲಿ ಬರೆದು ಸಹಿಯನ್ನೂ ಹಾಕಿದೆ. ಎಲ್ಲ ಸೇರಿ ಐದು ನಿಮಿಷವಾಗಿರಬಹುದು.

ಆ ಹಾಳೆ ಶೆಟ್ಟರ ಮನೆಗೆ ಹೋಯಿತು. ಬೈಂದೂರಿನ ಹಕ್ಕಲಿನ ಕರಡ ಎಂದರೆ ಮುತ್ತಕ್ಕನ ಕರಡ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಶೆಟ್ಟರು ಬೈಯಲಿಲ್ಲವಂತೆ, ಇನ್ನು ಬೇಡ ಎಂದು ಹೇಳಿ ಕಳಿಸಿದರಂತೆ. ವಾರದೊಳಗೆ ತಲ್ಲೂರಿನ ಮೂರು ಮನೆಗಳವರೂ ಬೇಡವೆಂದರು. ಇದೆಲ್ಲ ನನಗೆ ಗೊತ್ತಾದದ್ದು ಅಮ್ಮನ ಹತ್ತಿರ ಮೀನು ಕೊಳ್ಳುವವರ ಬಾಯಿಂದ. ಟೀಚರೊಬ್ಬರು ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದಾರಂತೆ, ಆ ಹೆಂಗಸರ ಹುಲ್ಲು ತಿಂದೇ ದನ ಸತ್ತದ್ದಂತೆ ಎಂದು ಅವರು ಹೇಳುತ್ತಿದ್ದರು. ಬಂಡೆಯ ಮೇಲಿನ ರಾಶಿ ನನ್ನ ಕಣ್ಣಿಗೆ ಬಂತು. ಆದರೂ ಎಲ್ಲೋ ಒಂದೆರಡು ಗಿಡ ಅವರ ಕೈತಪ್ಪಿ ಸೇರಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಶನಿವಾರ ಹಕ್ಕಲಿಗೆ ಹೋಗಲಿಲ್ಲ.

ಮುತ್ತಕ್ಕನೇ ಕಾಲೇಜಿಗೆ ಬಂದರು. ಮಧ್ಯಾಹ್ನದ ಬಿಡುವು, ಮಕ್ಕಳೆಲ್ಲ ಹೊರಗಿದ್ದರು. ಒಗೆದ ಸೀರೆ ಉಟ್ಟು, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಕಾರಿಡಾರಿನಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ನಲವತ್ತು ಕಟ್ಟು ಅಂಗಳದಲ್ಲೇ ಉಳಿದಿದೆ, ಜೊತೆಯವರು ಗೇರುಬೀಜದ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಹೋಗಿದ್ದಾರೆ ಎಂದರು. ದೂರು ಹೇಳುವವರ ಧ್ವನಿಯಾಗಿರಲಿಲ್ಲ ಅದು, ಸುದ್ದಿ ತಿಳಿಸುವವರ ಧ್ವನಿ. ಆಮೇಲೆ ನನ್ನ ಮುಖ ನೋಡಿ ಕೇಳಿದರು.

“ಟೀಚ್ರೆ, ನೀವ್ ಅದನ್ ಕಂಡ್ ಹೇಳ್ದ್ರ್ಯಾ, ಕಾಣ್ದೇ ಹೇಳ್ದ್ರ್ಯಾ?”

ಕಂಡೇ ಹೇಳಿದ್ದು ಎನ್ನಲು ಬಾಯಿ ತೆರೆದೆ. ಕಣ್ಣು ಒಳಗಿದ್ದ ಕಪಾಟಿನ ಕಡೆಗೆ ಹೋಯಿತು. ಅವರು ಅದನ್ನು ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು.

ಆ ವಾರದ ಭಾನುವಾರ. ಅಮ್ಮ ಅಂಗಳದಲ್ಲಿ ಚಾಪೆ ಹಾಸಿ ಒಣಮೀನು ಬೇರ್ಪಡಿಸುತ್ತಿದ್ದಳು. ನೋಡಲು ಒಂದೇ ಥರದ ಎರಡು ಸಣ್ಣ ಮೀನು ಒಟ್ಟಿಗೆ ಒಣಗಿದ್ದವು. ಅವಳು ಮುಖ ಎತ್ತದೆ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ ಕೆಲಸ, ಒಂದು ದಿನವೂ ಕೇಳಿರಲಿಲ್ಲ. ಆವತ್ತು ಕೇಳಿದೆ, ಹೇಗೆ ಗೊತ್ತಾಗುತ್ತದೆ ಎಂದು. ಅಮ್ಮ ಒಂದು ಮೀನನ್ನು ನನ್ನ ಕೈಗೆ ಕೊಟ್ಟು, ಹೊಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಎಳೆಯಲು ಹೇಳಿದಳು. ಗರಗಸದ ಹಾಗೆ ಚುಚ್ಚಿತು. ಇನ್ನೊಂದು ಅಷ್ಟು ಚುಚ್ಚಲಿಲ್ಲ.

“ಬಣ್ಣ ಕಾಂಬುದ್ ಹಸಿ ಇಪ್ಪತ್ತಿಗೆ, ಹೆಣೆ. ಒಣಗ್ದ್ ಮೇಲೆ ಎಲ್ಲದರದ್ದೂ ಒಂದೇ ಬಣ್ಣ. ಒಣಗ್ರೂ ಬದ್ಲಾಗ್ದ್ ಎಂತ ಇತ್ತ್ ಅಂದ್ ಕಾಣ್ಕ್.”

ಡಾಕ್ಟ್ರಿಗೆ ಹಾಗೆ ಬರೆದುಕೊಟ್ಟವಳು ನಾನೇ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಕೇಳಿಲ್ಲ.

ಸೋಮವಾರ ತರಗತಿ ಶುರುವಾಗುವ ಮೊದಲೇ ಹೋಗಿ ಲ್ಯಾಬಿನ ಬಾಗಿಲು ತೆಗೆಸಿದೆ. ಚೀಲ ಇನ್ನೂ ನನ್ನ ಮೇಜಿನ ಖಾನೆಯಲ್ಲಿತ್ತು. ನೀರು ಕುದಿಸಿ ಹೂಗಳನ್ನು ಹಾಕಿದೆ. ಬಿಸಿನೀರಿನಲ್ಲಿ ಒಣಹೂ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಸೂಜಿಯಿಂದ ಬಿಡಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಬಟ್ಟಲಿನ ಬುಡದಲ್ಲಿ ಕಪ್ಪು ತುದಿಯ ಪುಟ್ಟ ಎಸಳುಗಳು. ಅಂಚಿನ ಕಾಯಿ, ಅದರ ಮೇಲೆ ರೋಮ, ತಲೆಯಲ್ಲಿ ಕುಚ್ಚಿನ ಅವಶೇಷ. ಇನ್ನೊಂದು ಹೂ ಬಿಡಿಸಿದೆ, ಇನ್ನೊಂದು. ಚೀಲದಲ್ಲಿದ್ದ ಹದಿನೈದು ಹೂಗಳನ್ನೂ ಬಿಡಿಸಿದೆ. ಕೊನೆಗೆ ಕಡ್ಡಿಗಳನ್ನು ಒಂದೊಂದಾಗಿ ನೆನೆಸಿ ನೋಡಿದಾಗ ಒಂದರ ಗಂಟಿನಲ್ಲಿ ಮುರುಟಿದ ಸಣ್ಣ ಹಾಳೆ ನೀರಿನಲ್ಲಿ ನಿಧಾನವಾಗಿ ಅರಳಿತು. ಕಾಂಡವನ್ನು ತಬ್ಬಿದ ಕಿವಿ. ಸ್ಟಾಫ್ ರೂಮಿನ ಕಪಾಟಿನಿಂದ ಒಣಗಿಡದ ಎರಡೂ ಹಾಳೆಗಳನ್ನು ತಂದು ಪಕ್ಕದಲ್ಲಿಟ್ಟೆ. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ. ಅದು ಹಕ್ಕಲಿನ ಗಿಡವಲ್ಲ, ಘಟ್ಟದ ಮೇಲಿನದು. ಆ ದಿನದ ಮೂರು ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಸಂಜೆ ಗುಲ್ವಾಡಿಗೆ ಹೋದೆ. ಶೆಟ್ಟರು ಕೊಟ್ಟಿಗೆಯಲ್ಲಿ, ಏಳಲಾರದೆ ಮಲಗಿದ್ದ ಒಂದು ಕಡಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದರು. ನಾನು ಬರೆದುಕೊಟ್ಟದ್ದು ತಪ್ಪು ಎಂದು ನಿಂತಲ್ಲೇ ಹೇಳಿದೆ. ಒಣಗಿಡದ ಹಾಳೆ ತೋರಿಸಿದೆ, ತೊಟ್ಟಿನ ಕಿವಿ ತೋರಿಸಿದೆ, ಈ ಗಿಡ ಹಕ್ಕಲಿನಲ್ಲಿ ಬೆಳೆಯುವುದಿಲ್ಲ, ಈ ಹುಲ್ಲು ಘಟ್ಟದ ಮೇಲಿನಿಂದ ಬಂದಿರಬೇಕು ಎಂದೆ. ಅವರು ಕೇಳಿಸಿಕೊಂಡರು. ಗಂಜಿಯ ಪಾತ್ರೆಯನ್ನು ನೆಲಕ್ಕಿಟ್ಟರು.

“ನವೆಂಬರಂಗೆ ಮಳಿ ಅಲ್ದಾ. ಇಲ್ಲಿ ಕರಡ ಇಲ್ಲೆ ಅಂದ್ ಘಟ್ಟದ್ ಮೇಲಿಂದ ಒಂದ್ ಲಾರಿ ತರ್ಸಿದ್ದೆ,” ಎಂದರು. “ನಾನೇ ಹೋಯಿ ಲೋಡ್ ಮಾಡ್ಸ್ಕಂಡ್ ಬಂದದ್ದ್. ಡಾಕ್ಟ್ರ್ ಕೇಂಬತ್ತಿಗೆ ಅದ್ ನೆನಪೇ ಆಯ್ಲಿಲ್ಲೆ ಟೀಚ್ರೆ.”

ಇಬ್ಬರೂ ಹುಲ್ಲು ಒಟ್ಟಿದ್ದ ಸೂರಿನಡಿಗೆ ಹೋದೆವು. ಮೇಲಿನ ಅಟ್ಟಿ ಮುತ್ತಕ್ಕನದು, ಅಡಿಯಲ್ಲಿ ಉಳಿದದ್ದು ಲಾರಿಯದು. ಮೇಲಿನದನ್ನು ಎರಡು ಕಟ್ಟು ಬಿಚ್ಚಿ ಹುಡುಕಿದೆವು, ಏನೂ ಸಿಗಲಿಲ್ಲ. ಅಡಿಯದನ್ನು ಎಳೆದದ್ದೇ ಶೆಟ್ಟರ ಮುಷ್ಟಿಯೊಳಗೆ ಆ ಹೂ ಇತ್ತು. ಈ ವಿಷ ತಿಂದ ಕೂಡಲೇ ಕೊಲ್ಲುವುದಲ್ಲ, ವಾರಗಟ್ಟಲೆ ಒಳಗೇ ಕೆಲಸ ಮಾಡುತ್ತದೆ. ಮುತ್ತಕ್ಕನ ಕರಡ ಬರುವ ಮೊದಲೇ ಇವರ ದನಗಳು ಅದನ್ನು ತಿಂದಾಗಿತ್ತು. ಶೆಟ್ಟರು ಹುಲ್ಲಿನ ಮೇಲೆಯೇ ಕುಳಿತರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ತಾನೇ ಕೈಯಾರೆ ತಿನಿಸಿದೆ ಎಂದು ಮಾತ್ರ ಎರಡು ಸಲ ಹೇಳಿದರು. ಆ ಕಡಸು ಮೂರು ದಿನದ ನಂತರ ಸತ್ತಿತು. ಉಳಿದ ಆರು ಬದುಕಿದವು.

ಮರುದಿನ ಡಾಕ್ಟ್ರ ಹತ್ತಿರ ಹೋಗಿ ಹಳೆಯ ಹಾಳೆ ವಾಪಸು ಪಡೆದು, ನನ್ನ ಗುರುತು ತಪ್ಪಾಗಿತ್ತು ಎಂಬುದನ್ನೇ ಮೊದಲ ಸಾಲಿನಲ್ಲಿ ಬರೆದು ಇನ್ನೊಂದು ಕೊಟ್ಟೆ. ಸ್ಟಾಫ್ ರೂಮಿನಲ್ಲಿ ಅಂದು ಇದ್ದವರಿಗೆಲ್ಲ ಹೇಳಿದೆ. ಆಮೇಲೆ ತಲ್ಲೂರಿನ ಮೂರು ಮನೆ. ಮೊದಲ ಮನೆಯವರು ಚಾ ಕೊಟ್ಟು, ಪೂರ್ತಿ ಕೇಳಿ, ಹೌದಾ ಎಂದರು. ಎರಡನೆಯ ಮನೆಯ ಯಜಮಾನರು, ಅಂದು ಹಾಗೆ ಬರೆದವರೂ ನೀವೇ, ಇವತ್ತು ಹೀಗೆ ಹೇಳುವವರೂ ನೀವೇ, ಯಾವುದನ್ನು ನಂಬುವುದು ಎಂದು ಕೇಳಿದರು. ಅವರಿಗೆ ಎರಡೂ ಗಿಡದ ಹಾಳೆ ಬಿಚ್ಚಿ ತೋರಿಸಿದೆ. ನೋಡಿದರು, ಆದರೆ ಆ ವರ್ಷ ಅವರು ಮುತ್ತಕ್ಕನ ಕರಡ ತೆಗೆದುಕೊಳ್ಳಲಿಲ್ಲ. ಮೂರನೆಯ ಮನೆಯಲ್ಲಿ ಬಾಗಿಲು ಹಾಕಿತ್ತು, ಮತ್ತೊಂದು ದಿನ ಹೋಗಬೇಕಾಯಿತು.

ಮುತ್ತಕ್ಕನ ಮನೆಗೆ ನಾನೊಬ್ಬಳೇ ಹೋಗಬೇಕೆಂದಿದ್ದೆ. ಶೆಟ್ಟರು ತಾವೂ ಬರುತ್ತೇನೆಂದರು. ಅವರ ಕಾರಿನಲ್ಲಿಯೇ ಹೋದೆವು. ಕರಡದ ಕಟ್ಟುಗಳು ಅಂಗಳದ ಬದಿಯಲ್ಲಿ ಮನೆಯ ಸೂರಿನೆತ್ತರಕ್ಕೆ ನಿಂತಿದ್ದವು. ಶೆಟ್ಟರು ಅಂಗಳದಲ್ಲಿ ನಿಂತು, ತಪ್ಪು ಹುಲ್ಲು ತಂದವನು ತಾನು ಎಂದು ಹೇಳಿದರು. ನಾನು, ಅಂದು ಕೇಳಿದಿರಲ್ಲ, ಕಾಣದೆಯೇ ಹೇಳಿದ್ದೆ ಎಂದೆ. ಮುತ್ತಕ್ಕ ಒಳಗೆ ಹೋಗಿ ಬೆಲ್ಲ, ನೀರು ತಂದರು. ಶೆಟ್ಟರಿಗೆ ಕೊಟ್ಟರು. ಸ್ವಲ್ಪ ತಡೆದು ನನಗೂ ಕೊಟ್ಟರು. ಘಟ್ಟದ ಗಿಡದ ಹಾಳೆಯನ್ನು ಕೇಳಿ ತೆಗೆದುಕೊಂಡು, ಬಿಸಿಲಿಗೆ ಹಿಡಿದು, ಆ ಕಿವಿಯ ಮೇಲೆ ಬೆರಳಾಡಿಸಿದರು. ಇಂಥದ್ದು ನಮ್ಮಲ್ಲಿಲ್ಲ ಎಂದರು. ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರೂ ಬಂದು ನೋಡಿದರು.

ಶೆಟ್ಟರು, ಇದ್ದ ಕಟ್ಟುಗಳನ್ನೆಲ್ಲ ತಾನೇ ತೆಗೆದುಕೊಳ್ಳುತ್ತೇನೆ, ನಾಳೆ ಗಾಡಿ ಕಳಿಸುತ್ತೇನೆ ಎಂದರು. ಮುತ್ತಕ್ಕ ಒಪ್ಪಲಿಲ್ಲ.

“ಹಾಂಗೆ ಬ್ಯಾಡ. ನೀವ್ ನಮ್ ಮಾತ್ ನಂಬಿ ತಕಂಬುದ್ ಬ್ಯಾಡ, ಟೀಚ್ರ್ ಮಾತೂ ಬ್ಯಾಡ. ಬಿಚ್ಚಿ ಕಾಣಿ. ಒಂದೊಂದ್ ಕಟ್ಟೂ ಬಿಚ್ಚಿ ಕಂಡೇ ತಕಣ್ಕ್.”

ಮರುದಿನ ಬೆಳಿಗ್ಗೆ ಶೆಟ್ಟರು ಬಂದರು, ನಾನೂ ರಜೆ ಹಾಕಿ ಹೋದೆ. ಅವರು ಪಂಚೆ ಎತ್ತಿ ಕಟ್ಟಿ ಅಂಗಳದಲ್ಲಿ ಕುಳಿತರು. ಒಂದೊಂದು ಕಟ್ಟನ್ನೂ ಬಿಚ್ಚಿ, ಹಿಡಿಹಿಡಿಯಾಗಿ ಕೊಡವಿ, ನೆಲದ ಮೇಲೆ ಹರಡಿ ನೋಡಿದರು. ಸೊಂಟ ಹಿಡಿದಾಗ ಎದ್ದು ನಿಂತು ಮತ್ತೆ ಕುಳಿತರು. ಹೆಂಗಸರು ಜಗಲಿಯಿಂದ ನೋಡುತ್ತಿದ್ದರು, ಸಹಾಯಕ್ಕೆ ಯಾರೂ ಇಳಿಯಲಿಲ್ಲ. ಮುತ್ತಕ್ಕ ಬೇಡವೆಂದಿದ್ದರು. ನಲವತ್ತು ಕಟ್ಟು ಮುಗಿಯುವಾಗ ಸೂರ್ಯ ನೆತ್ತಿ ದಾಟಿದ್ದ. ಅಂಗಳದ ತುಂಬ ಕರಡವೇ ಕರಡ, ಅದರಲ್ಲಿ ಹಳದಿ ಗಿಡದ ಒಂದು ಕಡ್ಡಿಯೂ ಸಿಗಲಿಲ್ಲ. ಶೆಟ್ಟರು ಬೆವರು ಒರೆಸಿಕೊಂಡು ಸಾಕು ಎಂಬಂತೆ ತಲೆಯಾಡಿಸಿದರು.

ಆಗ ಹೆಂಗಸರು ಜಗಲಿಯಿಂದ ಇಳಿದರು. ಮುತ್ತಕ್ಕ ಹಗ್ಗದ ತುಂಡುಗಳನ್ನು ಕೂಡಿಸಿ ಎಲ್ಲರಿಗೂ ಹಂಚಿದರು. ಒಂದನ್ನು ನನ್ನ ಕಡೆಗೆ ಎಸೆದರು.

“ಬನ್ನಿ ಟೀಚ್ರೆ. ಬಿಚ್ಚಿದ್ದನ್ನೆಲ್ಲ ಕಟ್ಟುಕಿತ್ತ್.”

ನಾನು ಕಟ್ಟಿದ ಮೊದಲನೆಯ ಕಟ್ಟು ಎತ್ತುವಾಗಲೇ ಸಡಿಲಾಗಿ ಚೆಲ್ಲಿಹೋಯಿತು. ಯಾರೂ ನಗಲಿಲ್ಲ. ಎರಡನೆಯದಕ್ಕೆ ಮುತ್ತಕ್ಕ ಪಕ್ಕದಲ್ಲಿ ಬಂದು ಕುಳಿತು, ನನ್ನ ಕೈಯ ಮೇಲೆ ಕೈಯಿಟ್ಟು, ಮೊಣಕಾಲಿನಿಂದ ಹುಲ್ಲನ್ನು ಒತ್ತಿ ಹಗ್ಗ ಎಳೆಯುವುದು ಹೇಗೆಂದು ತೋರಿಸಿದರು. ಮೂರನೆಯದನ್ನು ನಾನೇ ಕಟ್ಟಿದೆ.